ನಕ್ಷೆಯಿಂದ ಬೆಂಕಿಯವರೆಗೆ

ಸಿಎನ್‌ಸಿ ಯಂತ್ರಗಳ ಭಾಷೆಯಲ್ಲಿ ‘ಎಂ 08’ ಎಂಬುದೊಂದು ಪದ. ಬೆಂಗಳೂರಿನ ಪೀಣ್ಯದಲ್ಲಿ ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರಕ್ಕೆ ಈ ಪದ ಕೊಟ್ಟರೆ ಅದು ಕೂಲಂಟ್ ನೀರು ಬಿಡುತ್ತದೆ. ಅಹಮದಾಬಾದಿನ ನರೋಡಾದಲ್ಲಿ ಉಕ್ಕಿನ ಪ್ಲೇಟು ಕತ್ತರಿಸುವ ಪ್ಲಾಸ್ಮಾ ಯಂತ್ರಕ್ಕೆ ಅದೇ ಪದ ಕೊಟ್ಟರೆ, ಹಲವು ಕಂಟ್ರೋಲರ್‌ಗಳಲ್ಲಿ, ಉರಿಯುತ್ತಿರುವ ಟಾರ್ಚ್ ಆರಿಹೋಗುತ್ತದೆ. ಅಲ್ಲಿ ‘ಶುರು ಮಾಡು’, ಇಲ್ಲಿ ‘ನಿಲ್ಲಿಸು’. ‘ಎಂ 03’ರ ಕತೆಯೂ ಹೀಗೆಯೇ. ಹುಟ್ಟಿದಾಗ ಅದರ ಅರ್ಥ ‘ಸ್ಪಿಂಡಲ್ ತಿರುಗಿಸು’ ಎಂದಿತ್ತು. ಪ್ಲಾಸ್ಮಾ ಯಂತ್ರದಲ್ಲಿ ತಿರುಗುವ ಸ್ಪಿಂಡಲ್ಲೇ ಇಲ್ಲ. ಆದರೂ ಕೆಲವು ಸಾಫ್ಟ್‌ವೇರುಗಳು ಅದೇ ಪದ ಉಳಿಸಿಕೊಂಡು, ‘ಟಾರ್ಚ್ ಹಚ್ಚು’ ಎಂಬ ಅರ್ಥ ಕೊಟ್ಟಿವೆ. ಧಾರವಾಡದ ಮಾತು ಮೈಸೂರಿಗೆ ಬಂದು ಬೇರೆ ಅರ್ಥ ಪಡೆಯುವ ಹಾಗೆ ಯಂತ್ರಭಾಷೆಗೂ ಸೀಮೆಗಳಿವೆ.

ಹೊಸದಾಗಿ ಪ್ಲಾಸ್ಮಾ ಯಂತ್ರ ಬಂದಿಳಿದ ಶೆಡ್ಡಿನಲ್ಲಿ ಸಾಫ್ಟ್‌ವೇರ್ ಕಲಿಯಲು ಕೂತವರಿಗೆ ಮೊದಲು ಗೊಂದಲವಾಗುವುದೂ ಇಲ್ಲಿಯೇ. ಸಾಫ್ಟ್‌ವೇರ್ ಎಂದರೆ ಒಂದೇ ಅಂದುಕೊಂಡಿರುತ್ತಾರೆ, ನೋಡಿದರೆ ನಾಲ್ಕಿವೆ. ಚಿತ್ರ ಬರೆಯುವುದು ಒಂದು. ಚಿತ್ರ ನೋಡಿ ಟಾರ್ಚು ಹೋಗಬೇಕಾದ ದಾರಿಯನ್ನು ಲೆಕ್ಕ ಹಾಕುವುದು ಎರಡನೆಯದು. ಆ ದಾರಿಯನ್ನು ಇಂಥ ಯಂತ್ರಕ್ಕೆ ಅರ್ಥವಾಗುವ ಮಾತಿಗೆ ಇಳಿಸುವ ‘ಪೋಸ್ಟ್ ಪ್ರೊಸೆಸರ್’ ಮೂರನೆಯದು. ಆ ಮಾತನ್ನು ಸಾಲುಸಾಲಾಗಿ ಓದಿ ಮೋಟಾರುಗಳನ್ನು ತಿರುಗಿಸುವ ಕಂಟ್ರೋಲರ್ ನಾಲ್ಕನೆಯದು. ಒಂದು ಫ್ಲ್ಯಾಂಜಿನ ಚಿತ್ರ ಉಕ್ಕಿನ ಫ್ಲ್ಯಾಂಜ್ ಆಗುವಷ್ಟರಲ್ಲಿ ಮೂರು ನಾಲ್ಕು ಸಲ ಅನುವಾದಗೊಂಡಿರುತ್ತದೆ. ಅನುವಾದಕರು ಇಷ್ಟು ಜನ ಯಾಕೆ ಎಂಬ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿದೆ. ಒಬ್ಬೊಬ್ಬರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ಕೆಲಸಕ್ಕೆಂದು ಹುಟ್ಟಿದವರು. ನರೋಡಾದ ತಗಡಿನ ಚಾವಣಿಯ ಕೆಳಗೆ ಒಟ್ಟಿಗೆ ಕೆಲಸ ಮಾಡುತ್ತಿದ್ದಾರೆ, ಅಷ್ಟೆ.

ಗಿರಣಿಗಳ ಊರಿನ ಪೂರ್ವಕ್ಕೆ

ಅಹಮದಾಬಾದಿನಲ್ಲಿ ಮೊದಲ ಬಟ್ಟೆ ಗಿರಣಿ ಕೆಲಸ ಶುರು ಮಾಡಿದ್ದು 1861ರಲ್ಲಿ, ರಣಛೋಡಲಾಲ್ ಛೋಟಾಲಾಲ್ ಅವರ ಸಾಹಸದಿಂದ. ಮುಂದಿನ ನೂರು ವರ್ಷದಲ್ಲಿ ಗಿರಣಿಗಳ ಸಂಖ್ಯೆ ಅರವತ್ತು ದಾಟಿ, ಊರಿಗೆ ‘ಭಾರತದ ಮ್ಯಾಂಚೆಸ್ಟರ್’ ಎಂಬ ಹೆಸರು ಅಂಟಿತು. 1960ರ ಮೇ 1ರಂದು ಗುಜರಾತ್ ಪ್ರತ್ಯೇಕ ರಾಜ್ಯವಾಯಿತು. ಎರಡು ವರ್ಷದ ನಂತರ, 1962ರಲ್ಲಿ, ಕಾಯಿದೆಯ ಮೂಲಕ ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಲ್ಲರ ಬಾಯಲ್ಲಿರುವ ಜಿಐಡಿಸಿ, ಹುಟ್ಟಿತು. ನಗರದ ಪೂರ್ವ ಭಾಗದ ನರೋಡಾ, ಓಢವ, ವಟವಾಗಳಲ್ಲಿ ಕೈಗಾರಿಕಾ ವಸಾಹತುಗಳು ಬೆಳೆದವು. 1966ರಲ್ಲಿ ರಿಲಯನ್ಸ್ ತನ್ನ ಜವಳಿ ಗಿರಣಿಯನ್ನು ತೆರೆದದ್ದು ನರೋಡಾದಲ್ಲೇ. ಬಣ್ಣ, ರಾಸಾಯನಿಕ, ಕಂಪ್ರೆಸರ್, ಪಂಪು ತಯಾರಿಸುವವರು ಬಂದರು. ಅವರ ಬೆನ್ನಿಗೆ ಅವರಿಗೆ ಬೇಕಾದ ಟ್ಯಾಂಕು, ಫ್ಲ್ಯಾಂಜು, ಬ್ರಾಕೆಟ್ಟು, ಚೌಕಟ್ಟು ಮಾಡಿಕೊಡುವ ಫ್ಯಾಬ್ರಿಕೇಶನ್ ಶೆಡ್ಡುಗಳು ಬಂದವು.

1980ರ ದಶಕದಲ್ಲಿ ಹಳೆಯ ಗಿರಣಿಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಕೆಲಸ ಕಳೆದುಕೊಂಡವರಲ್ಲಿ ಬಹಳ ಜನ ಕಾಯಂ ನೌಕರಿಯಿಂದ ದಿನಗೂಲಿಗೆ, ಬೀದಿ ವ್ಯಾಪಾರಕ್ಕೆ, ಚಿಕ್ಕಪುಟ್ಟ ಶೆಡ್ಡುಗಳಿಗೆ ಇಳಿದರು. ಡಚ್ ಸಮಾಜವಿಜ್ಞಾನಿ ಯಾನ್ ಬ್ರೆಮನ್ 2004ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಕುಸಿತವನ್ನು ವಿವರವಾಗಿ ದಾಖಲಿಸಿದ್ದಾರೆ. ಗಿರಣಿಯಲ್ಲಿ ಸಾವಿರಾರು ಜನ ಒಂದೇ ಚಾವಣಿಯ ಕೆಳಗೆ ದುಡಿಯುತ್ತಿದ್ದರು. ಶೆಡ್ಡಿನಲ್ಲಿ ಆರು ಜನ, ಎಂಟು ಜನ. ಪಕ್ಕದ ಶೆಡ್ಡಿನ ಕೆಲಸವನ್ನು ಕಿಲೋ ಲೆಕ್ಕದಲ್ಲೋ ಮೀಟರ್ ಲೆಕ್ಕದಲ್ಲೋ ಮಾಡಿಕೊಡುವ ‘ಜಾಬ್ ವರ್ಕ್’ ಇಲ್ಲಿನ ಜೀವಾಳ.

ಇಂಥ ಶೆಡ್ಡಿನಲ್ಲಿ ಪ್ಲೇಟು ಕತ್ತರಿಸುವುದೆಂದರೆ ಬಹುಕಾಲ ಗ್ಯಾಸ್ ಕಟಿಂಗ್ ಎಂದೇ ಅರ್ಥ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಪಂಚಿನಿಂದ ಚುಕ್ಕಿ ಹೊಡೆದು, ಕೈಯಲ್ಲಿ ಟಾರ್ಚು ಹಿಡಿದು ಕತ್ತರಿಸಬೇಕು. ನೇರ ಗೆರೆಗೆ ಹಳಿಯ ಮೇಲೆ ತಾನೇ ತೆವಳುವ ಪುಟ್ಟ ‘ಪಗ್’ ಯಂತ್ರವಿತ್ತು. ಒಂದೇ ಆಕಾರ ಹತ್ತಾರು ಬೇಕಾದರೆ ತಗಡಿನ ಅಚ್ಚು ಮಾಡಿ ಅದರ ಅಂಚನ್ನು ಅನುಸರಿಸುತ್ತಿದ್ದರು. ದೊಡ್ಡ ಕಾರ್ಖಾನೆಗಳಲ್ಲಿ ಕಾಗದದ ಮೇಲಿನ ಕಪ್ಪು ಗೆರೆಯನ್ನು ವಿದ್ಯುತ್ ಕಣ್ಣಿನಿಂದ ನೋಡುತ್ತಾ ಅದೇ ಆಕಾರಕ್ಕೆ ಟಾರ್ಚನ್ನು ಎಳೆದೊಯ್ಯುವ ಯಂತ್ರಗಳೂ ಇದ್ದವು. ಇವೆಲ್ಲವುಗಳಲ್ಲಿ ಕಾರೀಗರನ ಕೈಗೆ ಗೊತ್ತಿದ್ದ ಸಂಗತಿಗಳು ಹಲವು: ಜ್ವಾಲೆ ಎಷ್ಟು ಲೋಹ ತಿನ್ನುತ್ತದೆ, ಗೆರೆಯ ಯಾವ ಬದಿಗೆ ಹಿಡಿಯಬೇಕು, ತೂತನ್ನು ಎಲ್ಲಿಂದ ಶುರು ಮಾಡಬೇಕು, ಮೂಲೆಯಲ್ಲಿ ಎಷ್ಟು ನಿಧಾನಿಸಬೇಕು. ಇವು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಮುಂದೆ ಸಾಫ್ಟ್‌ವೇರಿಗೆ ಒಂದೊಂದಾಗಿ ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದು ಇವನ್ನೇ.

ನೂಲಿನಲ್ಲಿ ಬರೆದ ಆದೇಶ

ಚಿತ್ರವನ್ನು ಯಂತ್ರದ ಆದೇಶವನ್ನಾಗಿ ಮಾಡುವ ಕಲೆ ಈ ಊರಿಗೆ ಹೊಸದಲ್ಲ. ಅಹಮದಾಬಾದಿನ ಹಳೆಯ ಹೆಸರು ಆಶಾವಲ್. ಆ ಹೆಸರು ಹೊತ್ತ ಆಶಾವಲಿ ಜರತಾರಿ ಬಟ್ಟೆಗೆ ಶತಮಾನಗಳ ಚರಿತ್ರೆಯಿದೆ. ಇಂಥ ಜರತಾರಿ ನೇಯ್ಗೆಯಲ್ಲಿ ಕಾಗದದ ಮೇಲಿನ ಬಳ್ಳಿ ಹೂವು ನೇರವಾಗಿ ಮಗ್ಗಕ್ಕೆ ಬರುವಂತಿಲ್ಲ. ಯಾವ ಸಾಲಿನಲ್ಲಿ ಯಾವ ಯಾವ ಹಾಸುನೂಲು ಮೇಲೇಳಬೇಕು ಎಂಬುದನ್ನು ದಾರಗಳ ಗಂಟಿನಲ್ಲಿ ಕಟ್ಟಿಡಬೇಕು. ಹೀಗೆ ಕಟ್ಟಿದ ದಾರದ ಕಟ್ಟಿಗೆ ನೇಕಾರರ ಮಾತಿನಲ್ಲಿ ‘ನಕ್ಷಾ’ ಎಂದು ಹೆಸರು, ಕಟ್ಟುವವನು ನಕ್ಷಾಬಂದ್. ಮಗ್ಗದ ಬಳಿ ಕೂತ ಸಹಾಯಕ ನಕ್ಷಾದ ದಾರಗಳನ್ನು ಕ್ರಮವಾಗಿ ಎಳೆದಂತೆ ಕೆಳಗೆ ಹೂವು ಅರಳುತ್ತದೆ.

ಅರಬ್ಬಿಯಿಂದ ಬಂದ ಅದೇ ಪದ ಕನ್ನಡದಲ್ಲಿ ‘ನಕ್ಷೆ’ಯಾಗಿ ಭೂಪಟಕ್ಕೆ, ಮನೆಯ ಪ್ಲಾನಿಗೆ ನಿಂತಿತು. ನಮಗೆ ನಕ್ಷೆ ಎಂದರೆ ನೋಡುವ ಚಿತ್ರ. ನೇಕಾರನಿಗೆ ಅದು ಮಾಡಿಸುವ ಆದೇಶ. ಫ್ರಾನ್ಸಿನ ಜಕಾರ್ಡ್ 1804ರ ಹೊತ್ತಿಗೆ ದಾರದ ಗಂಟಿನ ಜಾಗಕ್ಕೆ ತೂತಿನ ಕಾರ್ಡು ತಂದು ಸಹಾಯಕನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ. ಆದೇಶ ಬರೆಯುವವನ ಕೆಲಸ ಮಾತ್ರ ಉಳಿಯಿತು. ಚಿತ್ರದ ನಕ್ಷೆಗೂ ಆದೇಶದ ನಕ್ಷಾಗೂ ನಡುವಿನ ಅಂತರ ಈ ಕೆಲಸಗಾರನ ಜಾಗ. ಪ್ಲಾಸ್ಮಾ ಯಂತ್ರದ ಸಾಫ್ಟ್‌ವೇರ್ ಕಲಿಯುವುದೆಂದರೆ ಈ ಅಂತರದಲ್ಲಿ ನಿಲ್ಲುವುದನ್ನು ಕಲಿಯುವುದು.

ಅಂಕಿ ಓದಿ ಹೇಳಿದವರು

ಲೋಹದ ಕೆಲಸದಲ್ಲಿ ಈ ಅಂತರವನ್ನು ಅಂಕಿಗಳಿಂದ ತುಂಬಿದ್ದು ಅಮೆರಿಕದ ಮಿಶಿಗನ್ ರಾಜ್ಯದ ಟ್ರಾವರ್ಸ್ ಸಿಟಿಯಲ್ಲಿ. 1940ರ ದಶಕದಲ್ಲಿ ಜಾನ್ ಪಾರ್ಸನ್ಸ್ ಅವರ ಕಂಪನಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿತ್ತು. ರೆಕ್ಕೆಯ ಬಾಗು ನಿಖರವಾಗಿರಬೇಕು. ಪಾರ್ಸನ್ಸ್ ಮತ್ತು ಅವರ ಎಂಜಿನಿಯರ್ ಫ್ರಾಂಕ್ ಸ್ಟೂಲೆನ್, ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಐಬಿಎಂ ತೂತಿನ ಕಾರ್ಡಿನ ಯಂತ್ರಗಳಿಂದ ಬಾಗಿನ ಮೇಲಿನ ಒಂದೊಂದು ಬಿಂದುವಿನ ಸ್ಥಾನವನ್ನೂ ಲೆಕ್ಕ ಹಾಕಿಸಿದರು. ಆಮೇಲೆ ಯಂತ್ರದ ಮುಂದೆ ಮೂವರು ನಿಂತರು. ಒಬ್ಬ ಪಟ್ಟಿ ನೋಡಿ ಅಂಕಿ ಕೂಗುತ್ತಿದ್ದ. ಇನ್ನಿಬ್ಬರು ಉದ್ದ, ಅಗಲದ ಹಿಡಿಕೆಗಳನ್ನು ಆ ಅಂಕಿಗೆ ತಿರುಗಿಸುತ್ತಿದ್ದರು. ಇಂದಿನ ಕಂಟ್ರೋಲರ್ ಮಾಡುವ ಕೆಲಸವನ್ನು ಅಂದು ಮೂರು ಮನುಷ್ಯರು ಬಾಯಿ, ಕಿವಿ, ಕೈಗಳಿಂದ ಮಾಡಿದ್ದರು.

1949ರಲ್ಲಿ ಅಮೆರಿಕದ ವಾಯುಪಡೆಯ ಹಣ ಬಂತು. ಎಂಐಟಿ ಪ್ರಯೋಗಾಲಯ ಜೊತೆಗೂಡಿತು. ಸ್ವಲ್ಪ ಕಾಲದಲ್ಲೇ ಪಾರ್ಸನ್ಸ್ ಪಕ್ಕಕ್ಕೆ ಸರಿಯಬೇಕಾಯಿತು. 1952ರಲ್ಲಿ ತೂತಿನ ಪಟ್ಟಿಯನ್ನು ಓದಿ ತಾನೇ ಕೊರೆಯುವ ಮಿಲ್ಲಿಂಗ್ ಯಂತ್ರವನ್ನು ಎಂಐಟಿ ಜನರ ಮುಂದಿಟ್ಟಿತು. ಆದರೆ ಆ ಪಟ್ಟಿಯನ್ನು ಬರೆಯುವುದು ಹಿಂಸೆಯ ಕೆಲಸ. ಅದಕ್ಕೆ ಪರಿಹಾರವಾಗಿ ಡಗ್ಲಸ್ ರಾಸ್ ಅವರ ತಂಡ ‘ಆಪ್ಟ್’ ಎಂಬ ಭಾಷೆ ಕಟ್ಟಿತು. ‘ಎಡಕ್ಕೆ ಹೋಗು’, ‘ಉಪಕರಣ ಗೆರೆಯ ಎಡಕ್ಕಿರಲಿ’ ಎಂಬಂಥ ಆಜ್ಞೆಗಳನ್ನು ಮೊಟಕುಗೊಳಿಸಿದ ಇಂಗ್ಲಿಷ್ ಪದಗಳಲ್ಲಿ ಬರೆಯಬಹುದಿತ್ತು. 1959ರಲ್ಲಿ ಪತ್ರಕರ್ತರನ್ನು ಕರೆದು, ಈ ಭಾಷೆಯಿಂದ ಕೊರೆದ ಅಲ್ಯೂಮಿನಿಯಂ ಆ್ಯಶ್‌ಟ್ರೇಗಳನ್ನು ಹಂಚಲಾಯಿತು. 1960ರ ದಶಕದಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ಸ್ ಉದ್ಯಮದ ಒಕ್ಕೂಟ ‘ಆರ್‌ಎಸ್-274’ ಎಂಬ ಮಾನಕ ತಂದಿತು. ಜಿ ಕೋಡ್ ಎಂದು ಎಲ್ಲರೂ ಕರೆಯುವುದು ಇದರ ಸಂತಾನವನ್ನೇ.

ಜಿ ಕೋಡಿನ ವ್ಯಾಕರಣ ಚಿಕ್ಕದು. ಒಂದು ಅಕ್ಷರ, ಅದರ ಮುಂದೆ ಒಂದು ಸಂಖ್ಯೆ ಸೇರಿದರೆ ಒಂದು ‘ಪದ’. ಮಾನಕದಲ್ಲಿ ಬಳಸಿದ ಹೆಸರೇ ಅದು. ಹಲವು ಪದಗಳ ಒಂದು ಸಾಲು ಒಂದು ‘ಬ್ಲಾಕ್’. ‘ಜಿ 00’ ಎಂದರೆ ಕತ್ತರಿಸದೆ ಬೇಗ ಹೋಗು, ‘ಜಿ 01’ ಎಂದರೆ ಹೇಳಿದ ವೇಗದಲ್ಲಿ ನೇರ ಸಾಗು, ‘ಜಿ 02’, ‘ಜಿ 03’ ಎಂದರೆ ಬಲಸುತ್ತು, ಎಡಸುತ್ತು ಕಂಸಗಳು. ಎಕ್ಸ್, ವೈ ಎಂದರೆ ಎಲ್ಲಿಗೆ. ಎಫ್ ಎಂದರೆ ಎಷ್ಟು ವೇಗ. ಬರೀ ಆಜ್ಞಾರ್ಥಕ ಕ್ರಿಯಾಪದಗಳ ಭಾಷೆ ಇದು. ಯಂತ್ರ ತಯಾರಕರು ಇದನ್ನು ತಮಗೆ ಬೇಕಾದಂತೆ ಬಗ್ಗಿಸಿಕೊಂಡರು. ಕೂಲಂಟ್ ಬೇಡದ ಕತ್ತರಿಸುವ ಯಂತ್ರಗಳಲ್ಲಿ ‘ಎಂ 07’, ‘ಎಂ 08’ ಕೆಲಸವಿಲ್ಲದೆ ಕೂತಿದ್ದವು. ಹಲವರು ಅವನ್ನು ಕಡಿತ ಶುರು, ಕಡಿತ ನಿಲ್ಲು ಎಂದು ಬಳಸಿದರು. ಆದ್ದರಿಂದಲೇ ಪೋಸ್ಟ್ ಪ್ರೊಸೆಸರ್ ಎಂಬ ಅನುವಾದಕ ಬೇಕಾದದ್ದು. ಕಂಟ್ರೋಲರಿಗೆ ಹೊಂದದ ಪೋಸ್ಟ್ ಆರಿಸಿಕೊಂಡರೆ ಪರದೆಯ ಮೇಲೆ ಎಲ್ಲವೂ ಸರಿ ಕಾಣುತ್ತದೆ, ಗ್ಯಾಂಟ್ರಿಯೂ ಚಿತ್ರದಂತೆಯೇ ಚಲಿಸುತ್ತದೆ, ಟಾರ್ಚು ಮಾತ್ರ ಹೊತ್ತಿಕೊಳ್ಳುವುದಿಲ್ಲ.

ಇದೇ ಕಾಲದ ಇನ್ನೊಂದು ಕವಲು ದಾರಿಯನ್ನು ಇತಿಹಾಸಕಾರ ಡೇವಿಡ್ ನೋಬಲ್ 1984ರ ತಮ್ಮ ಪುಸ್ತಕದಲ್ಲಿ ಬಿಡಿಸಿಟ್ಟರು. 1940ರ ದಶಕದ ಕೊನೆಗೆ ಜನರಲ್ ಎಲೆಕ್ಟ್ರಿಕ್‌ನಂಥ ಕಂಪನಿಗಳಲ್ಲಿ ‘ದಾಖಲಿಸಿ ಮರುನುಡಿಸುವ’ ಯಂತ್ರಗಳಿದ್ದವು. ನುರಿತ ಕೆಲಸಗಾರ ಒಮ್ಮೆ ಕೈಯಾರೆ ಕೊರೆದು ತೋರಿಸಿದರೆ ಅವನ ಚಲನೆ ಟೇಪಿನಲ್ಲಿ ದಾಖಲಾಗುತ್ತಿತ್ತು. ಯಂತ್ರ ಅದನ್ನೇ ಮತ್ತೆ ಮಾಡುತ್ತಿತ್ತು. ಈ ದಾರಿಯಲ್ಲಿ ಜ್ಞಾನದ ಮೂಲ ಕೆಲಸಗಾರನೇ. ಉದ್ಯಮ ಅದನ್ನು ಬಿಟ್ಟು, ಆಫೀಸಿನಲ್ಲಿ ಕೂತು ಅಂಕಿ ಬರೆಯುವ ದಾರಿ ಹಿಡಿಯಿತು. ಆಡಳಿತಕ್ಕೆ ಕೆಲಸಗಾರರ ಮೇಲೆ ಹಿಡಿತ ಬೇಕಿತ್ತು ಎಂಬುದೂ ಇದಕ್ಕೆ ಒಂದು ಕಾರಣ ಎಂದು ನೋಬಲ್ ವಾದ. ವಿಮಾನದ ಕ್ಲಿಷ್ಟ ಬಾಗುಗಳಿಗೆ ಲೆಕ್ಕ ಬೇಕೇಬೇಕಿತ್ತು ಎಂದು ವಾದಿಸುವವರೂ ಇದ್ದಾರೆ. ಎರಡರಲ್ಲೂ ಸತ್ಯವಿದೆ. ಒಟ್ಟಿನಲ್ಲಿ ಆದೇಶ ಬರೆಯುವವರು ಒಂದು ಕೋಣೆಯಲ್ಲಿ, ಬಟನ್ ಒತ್ತುವವರು ಇನ್ನೊಂದರಲ್ಲಿ ಎಂಬ ವಿಂಗಡಣೆ ನೆಲೆಯೂರಿತು.

ಉರಿಯುವ ಗಾಳಿ

ಪ್ಲಾಸ್ಮಾ ಬಂದದ್ದು ಇನ್ನೊಂದು ದಿಕ್ಕಿನಿಂದ. ಗ್ಯಾಸ್ ಕಟಿಂಗ್‌ನಲ್ಲಿ ನಿಜವಾಗಿ ಉರಿಯುವುದು ಕಬ್ಬಿಣವೇ. ಕಾದು ಕೆಂಪಾದ ಉಕ್ಕಿನ ಮೇಲೆ ಶುದ್ಧ ಆಮ್ಲಜನಕ ಊದಿದರೆ ಅದು ಹೊತ್ತಿ, ಕರಗಿ, ಸುರಿದುಹೋಗುತ್ತದೆ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಕ್ರೋಮಿಯಂನ ಆಕ್ಸೈಡು ಪೊರೆ ಕಟ್ಟಿ ಈ ಉರಿಯನ್ನು ತಡೆಯುತ್ತದೆ. ಅಲ್ಯೂಮಿನಿಯಂ ಕೂಡ ಹೀಗೆ ಕಡಿಯುವುದಿಲ್ಲ. 1950ರ ದಶಕದಲ್ಲಿ ಯೂನಿಯನ್ ಕಾರ್ಬೈಡ್‌ನ ಲಿಂಡೆ ವಿಭಾಗದಲ್ಲಿ ರಾಬರ್ಟ್ ಗೇಜ್, ವೆಲ್ಡಿಂಗ್ ಆರ್ಕನ್ನು ಕಿರಿದಾದ ತಾಮ್ರದ ತೂತಿನ ಮೂಲಕ ಹಿಂಡಿ ಕಳಿಸಿದರೆ ಅದು ವಿಪರೀತ ಬಿಸಿಯ, ರಭಸದ ಸೆಲೆಯಾಗುತ್ತದೆ ಎಂದು ಕಂಡುಕೊಂಡರು. 1957ರಲ್ಲಿ ಪೇಟೆಂಟ್ ಸಿಕ್ಕಿತು. ಅನಿಲ ಇಲ್ಲಿ 20,000 ಡಿಗ್ರಿಯ ಆಸುಪಾಸಿಗೆ ಕಾದು ವಿದ್ಯುತ್ ಹರಿಸುವ ಪ್ಲಾಸ್ಮಾ ಆಗುತ್ತದೆ. ವಿದ್ಯುತ್ ಹರಿಯುವ ಯಾವ ಲೋಹವನ್ನಾದರೂ ಕರಗಿಸಿ ಕೆಳಕ್ಕೆ ಊದಿಬಿಡುತ್ತದೆ. 1968ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶುರುವಾದ ಹೈಪರ್‌ಥರ್ಮ್ ಕಂಪನಿ ಜ್ವಾಲೆಯನ್ನು ನೀರಿನಿಂದ ಇನ್ನಷ್ಟು ಕಿರಿದಾಗಿಸಿತು. ಸಾಮಾನ್ಯ ಗಾಳಿಯಿಂದಲೇ ಕತ್ತರಿಸುವ ಟಾರ್ಚುಗಳು ಬಂದಮೇಲೆ ಇದು ಚಿಕ್ಕ ಶೆಡ್ಡುಗಳ ಕೈಗೂ ಎಟುಕಿತು. ಗಾಳಿಯ ಆಮ್ಲಜನಕದಲ್ಲಿ ಟಂಗ್‌ಸ್ಟನ್ ಸುಟ್ಟುಹೋಗುವುದರಿಂದ ಎಲೆಕ್ಟ್ರೋಡಿನ ತುದಿಗೆ ಹ್ಯಾಫ್ನಿಯಂ ಎಂಬ ಲೋಹದ ಪುಟ್ಟ ಬೊಟ್ಟು ಇಡುತ್ತಾರೆ. ಅದು ಸವೆದಂತೆ ಟಾರ್ಚಿನ ಆಯುಷ್ಯ ಮುಗಿಯುತ್ತದೆ.

ಗುಜರಾತಿಗೆ ಇದು ಯಾಕೆ ಮುಖ್ಯವಾಯಿತು ಎಂಬುದು ಊಹಿಸಲು ಕಷ್ಟವಲ್ಲ. 1965ರಲ್ಲಿ ವಡೋದರಾ ಬಳಿಯ ಕೊಯಲಿಯಲ್ಲಿ ತೈಲ ಶುದ್ಧೀಕರಣಾಗಾರ ಶುರುವಾಯಿತು. ಅಂಕಲೇಶ್ವರ, ವಾಪಿ, ವಟವಾಗಳಲ್ಲಿ ರಾಸಾಯನಿಕ, ಔಷಧಿ ಕಾರ್ಖಾನೆಗಳು, ಆಣಂದ್‌ನಿಂದ ಹಬ್ಬಿದ ಹಾಲಿನ ಡೇರಿಗಳು ಬೆಳೆದವು. ತುಕ್ಕು ಹಿಡಿಯದ ಟ್ಯಾಂಕು ಎಲ್ಲರಿಗೂ ಬೇಕು. ಗ್ಯಾಸಿಗೆ ಬಗ್ಗದ ಸ್ಟೇನ್‌ಲೆಸ್ ಪ್ಲಾಸ್ಮಾಗೆ ಬಗ್ಗಿತು. ವಿಶೇಷವೆಂದರೆ ಪ್ಲಾಸ್ಮಾ ಎಂಬ ಪದಕ್ಕೆ ಈ ನಾಡಿನಲ್ಲಿ ಇನ್ನೊಂದು ಮನೆಯೂ ಇದೆ. ಗಾಂಧಿನಗರ ಬಳಿಯ ಭಾಟ್ ಗ್ರಾಮದಲ್ಲಿ 1986ರಿಂದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಿದೆ. ಸೂರ್ಯನ ಒಡಲಿನಂಥ ಬಿಸಿಯನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವುದು ಅಲ್ಲಿನ ಕೆಲಸ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ‘ಇಟರ್’ ಸಮ್ಮಿಲನ ಯಂತ್ರದ 3,850 ಟನ್ ತೂಕದ ಉಕ್ಕಿನ ಹೊರಕವಚ ತಯಾರಾದದ್ದು ಸೂರತ್ ಬಳಿಯ ಹಜೀರಾದಲ್ಲಿ.

ಆಫೀಸಿನಿಂದ ಶೆಡ್ಡಿಗೆ

ಅಂಕಿಯ ದಾರಿಯೂ ಪ್ಲಾಸ್ಮಾದ ದಾರಿಯೂ ದೊಡ್ಡ ಹಡಗುಕಟ್ಟೆ, ದೊಡ್ಡ ಕಾರ್ಖಾನೆಗಳಲ್ಲಿ ಬೇಗ ಕೂಡಿಕೊಂಡವು. ಚಿಕ್ಕ ಶೆಡ್ಡಿಗೆ ಬರಲು ಪರ್ಸನಲ್ ಕಂಪ್ಯೂಟರ್ ಬೇಕಾಯಿತು. 1982ರ ಡಿಸೆಂಬರಿನಲ್ಲಿ ಆಟೋಕ್ಯಾಡ್ ಬಂತು. ಒಂದು ಸಾಫ್ಟ್‌ವೇರಿನ ಚಿತ್ರವನ್ನು ಇನ್ನೊಂದು ಓದಲೆಂದು ಅದರ ಜೊತೆಯಲ್ಲೇ ‘ಡಿಎಕ್ಸ್‌ಎಫ್’ ಎಂಬ ಕಡತದ ರೂಪವೂ ಬಂತು. ನರೋಡಾದಲ್ಲಿ ಗಿರಾಕಿ ಪೆನ್‌ಡ್ರೈವಿನಲ್ಲೋ ವಾಟ್ಸಾಪಿನಲ್ಲೋ ಕಳಿಸುವ ‘ಡ್ರಾಯಿಂಗ್’ ಇಂದಿಗೂ ಹೆಚ್ಚಾಗಿ ಇದೇ.

1990ರ ದಶಕದಲ್ಲಿ ಅಮೆರಿಕದ ಮಾನಕ ಸಂಸ್ಥೆಯೊಂದು ಸಾಮಾನ್ಯ ಕಂಪ್ಯೂಟರಿನಿಂದಲೇ ಯಂತ್ರ ನಡೆಸುವ ಸಾಫ್ಟ್‌ವೇರ್ ಬರೆದು ಸಾರ್ವಜನಿಕರಿಗೆ ಬಿಟ್ಟಿತು. ಅದೇ ಮುಂದೆ ಲಿನಕ್ಸ್‌ಸಿಎನ್‌ಸಿ ಆಯಿತು. ಆರ್ಟ್ ಫೆನರ್ಟಿ ಅವರ ಮ್ಯಾಕ್3, ವಿಂಡೋಸ್ ಕಂಪ್ಯೂಟರಿನ ಪ್ರಿಂಟರ್ ಕಿಂಡಿಯಿಂದ ಮೋಟಾರುಗಳಿಗೆ ಮಿಡಿತ ಕಳಿಸಿತು. ಲೆಸ್ ನ್ಯೂವೆಲ್ ಅವರ ಶೀಟ್‌ಕ್ಯಾಮ್ ಟಾರ್ಚಿನ ದಾರಿ ಲೆಕ್ಕ ಹಾಕಿತು. ಪ್ಲಾಸ್ಮಾ ಹೊತ್ತಿಸುವ ಕಿಡಿಯ ವಿದ್ಯುತ್ ಗದ್ದಲಕ್ಕೆ ಪಕ್ಕದ ಕಂಪ್ಯೂಟರು ದಿಕ್ಕೆಡುವುದು ಆಗಿನ ನಿತ್ಯದ ಗೋಳು. ಕೇಬಲ್ಲಿಗೆ ಕವಚ, ಮೇಜಿಗೆ ಸರಿಯಾದ ಅರ್ಥಿಂಗ್ ಎಂಬುದು ಸಾಫ್ಟ್‌ವೇರಿಗಿಂತ ಮುಂಚಿನ ಪಾಠವಾಯಿತು. ಆಮೇಲೆ ಚೀನಾದಿಂದ ಕೀಲಿಮಣೆ, ಪರದೆ ಎಲ್ಲವೂ ಒಂದೇ ಡಬ್ಬಿಯಲ್ಲಿರುವ ಕಂಟ್ರೋಲರ್‌ಗಳು ಬಂದವು. ಶಾಂಘೈನ ಫಾಂಗ್ಲಿಂಗ್ ಅವುಗಳಲ್ಲೊಂದು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಫಾಸ್ಟ್‌ಕ್ಯಾಮ್ ಇಂಥ ಡಬ್ಬಿಗಳ ಸಂಗಾತಿಯಾಯಿತು. ಅಮೆರಿಕದ ಭಾಷೆ, ಆಸ್ಟ್ರೇಲಿಯಾದ ಅನುವಾದಕ, ಚೀನಾದ ಡಬ್ಬಿ, ಅದರ ಮುಂದೆ ಗುಜರಾತಿ, ಹಿಂದಿ, ಭೋಜಪುರಿ, ಒಡಿಯಾ ಮಾತಾಡುವ ಆಪರೇಟರ್. ಮೆನು ಇಂಗ್ಲಿಷಿನದು.

ಚಿತ್ರ ಹೇಳದ ಮಾತುಗಳು

ಕಲಿಯುವವರು ಎಡವುವ ಜಾಗಗಳನ್ನು ಒಂದೊಂದಾಗಿ ನೋಡಿದರೆ, ಅವೆಲ್ಲವೂ ಚಿತ್ರ ಮೌನವಾಗಿರುವ ಜಾಗಗಳು.

ಮೊದಲನೆಯದು ಅಳತೆ. ಹಳೆಯ ಡಿಎಕ್ಸ್‌ಎಫ್ ಕಡತದಲ್ಲಿ ‘100’ ಎಂದಿರುತ್ತದೆ. ಮಿಲಿಮೀಟರೋ ಇಂಚೋ ಎಂದು ಬರೆದಿರುವುದಿಲ್ಲ. ತಪ್ಪಾಗಿ ಓದಿದರೆ ಭಾಗ 25.4 ಪಟ್ಟು ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ. ಕಾಗದದಲ್ಲಿ ಮಿಲಿಮೀಟರ್ ಇದ್ದರೂ ಫ್ಯಾಬ್ರಿಕೇಶನ್ ಕೆಲಸಗಾರರ ಬಾಯಲ್ಲಿ ಇಂಚಿನ ಎಂಟನೇ ಒಂದು ಭಾಗಕ್ಕೆ ‘ಸೂತ್’, ಅಂದರೆ ನೂಲು, ಎಂಬ ಹೆಸರು ಇನ್ನೂ ಉಳಿದಿದೆ. ಎರಡು ಅಳತೆಗಳ ನಡುವೆ ಓಡಾಡುವ ಅಭ್ಯಾಸ ಇಲ್ಲಿಯವರಿಗೆ ಇದ್ದೇ ಇದೆ. ಸಾಫ್ಟ್‌ವೇರಿಗೆ ಮಾತ್ರ ಮೊದಲೇ ತಿಳಿಸಬೇಕು.

ಎರಡನೆಯದು ಗೆರೆಯ ನಿಯತ್ತು. ಕಣ್ಣಿಗೆ ವೃತ್ತ ಪೂರ್ತಿಯಾಗಿ ಕಾಣುತ್ತದೆ. ಸಾಫ್ಟ್‌ವೇರಿಗೆ ಅದು ಕೂದಲೆಳೆಯ ಸಂದಿರುವ ಎರಡು ಕಂಸ. ಮುಚ್ಚಿಕೊಳ್ಳದ ಗೆರೆಗೆ ಒಳಗು ಹೊರಗು ಎಂಬುದಿಲ್ಲ. ಒಂದರ ಮೇಲೊಂದು ಬಿದ್ದ ಜೋಡಿ ಗೆರೆಗಳು ಇನ್ನೊಂದು ಕಾಟ. ಅದೇ ಜಾಗವನ್ನು ಟಾರ್ಚು ಎರಡು ಸಲ ಸುಡುತ್ತದೆ.

ಮೂರನೆಯದು ಕಡಿತದ ಅಗಲ, ಕಾರ್ಖಾನೆಯ ಮಾತಿನಲ್ಲಿ ‘ಕರ್ಫ್’. ಜ್ವಾಲೆ 2 ಮಿಲಿಮೀಟರ್ ತಿನ್ನುತ್ತದೆ ಅಂದುಕೊಳ್ಳಿ. ಗೆರೆಯ ಮೇಲೆಯೇ ನಡೆದರೆ 50 ಮಿಲಿಮೀಟರಿನ ಬಿಲ್ಲೆ 48 ಆಗುತ್ತದೆ, 50ರ ತೂತು 52 ಆಗುತ್ತದೆ. ಹೊಲಿಗೆಗೆ ಬಟ್ಟೆ ಬಿಡುವ ದರ್ಜಿಯಂತೆ ಅರ್ಧ ಕರ್ಫ್‌ನಷ್ಟು ಪಕ್ಕಕ್ಕೆ ಸರಿದು ನಡೆಯಬೇಕು, ತೂತಿನಲ್ಲಿ ಒಳಕ್ಕೆ, ಹೊರಗೆರೆಯಲ್ಲಿ ಹೊರಕ್ಕೆ. ಜಿ ಕೋಡಿನ 41, 42 ಇದನ್ನೇ ಹೇಳುತ್ತವೆ: ಗೆರೆಯ ಎಡಕ್ಕೆ, ಬಲಕ್ಕೆ. ಆಪ್ಟ್ ಭಾಷೆಯ ‘ಉಪಕರಣ ಎಡಕ್ಕಿರಲಿ’ ಎಂಬ ಮಾತು ಇಲ್ಲಿ ಸಂಖ್ಯೆಯಾಗಿ ಉಳಿದಿದೆ.

ನಾಲ್ಕನೆಯದು ದಿಕ್ಕು ಮತ್ತು ಸರದಿ. ಟಾರ್ಚಿನಲ್ಲಿ ಅನಿಲ ಸುಳಿಯಾಗಿ ತಿರುಗುವುದರಿಂದ ಸಾಮಾನ್ಯವಾಗಿ ಸಾಗುವ ದಿಕ್ಕಿನ ಬಲಗಡೆಯ ಅಂಚು ನೆಟ್ಟಗೆ, ಎಡಗಡೆಯದು ಓರೆಯಾಗಿ ಬರುತ್ತದೆ. ಆದ್ದರಿಂದ ಹೊರಗೆರೆಯನ್ನು ಗಡಿಯಾರದ ಮುಳ್ಳಿನಂತೆ, ತೂತನ್ನು ಅದಕ್ಕೆ ವಿರುದ್ಧವಾಗಿ ಸುತ್ತಬೇಕು. ಆಗ ಉಳಿಯಬೇಕಾದ ಲೋಹ ಯಾವಾಗಲೂ ಬಲಕ್ಕಿರುತ್ತದೆ. ತೂತುಗಳು ಮೊದಲು, ಹೊರಗೆರೆ ಕೊನೆಗೆ. ಹೊರಗೆರೆ ಮೊದಲು ಕಡಿದರೆ ಭಾಗ ಕಳಚಿ ವಾಲುತ್ತದೆ, ಆಮೇಲಿನ ತೂತುಗಳೆಲ್ಲ ಸ್ಥಾನ ತಪ್ಪುತ್ತವೆ.

ಐದನೆಯದು ಮೊದಲ ಚುಚ್ಚು. ಪ್ಲೇಟಿನ ಆಚೆಬದಿಗೆ ತೂತು ಬೀಳುವವರೆಗೆ ಕರಗಿದ ಲೋಹ ಮೇಲಕ್ಕೇ ಚಿಮ್ಮುತ್ತದೆ. ಆಗ ಟಾರ್ಚು ಕಡಿಯುವ ಎತ್ತರಕ್ಕಿಂತ ಮೇಲಿರಬೇಕು, ಕಡಿತ 1.5 ಮಿಲಿಮೀಟರಿನಲ್ಲಿದ್ದರೆ ಚುಚ್ಚು ಅದರ ಎರಡು, ಎರಡೂವರೆ ಪಟ್ಟು ಎತ್ತರದಲ್ಲಿ. ಅಷ್ಟೊತ್ತು ಕಾದು ಆಮೇಲೆ ಕೆಳಗಿಳಿದು ಹೊರಡಬೇಕು. ಚುಚ್ಚಿದ ಜಾಗ ವಿಕಾರವಾಗುವುದರಿಂದ ಅದನ್ನು ಬಿಸಾಡುವ ಲೋಹದಲ್ಲಿಟ್ಟು, ಚಿಕ್ಕ ದಾರಿಯಲ್ಲಿ ಗೆರೆಗೆ ಬಂದು ಸೇರಬೇಕು. ಇದು ‘ಲೀಡ್ ಇನ್’.

ಕೊನೆಯದು ಎತ್ತರ. ಬಿಸಿಗೆ ಪ್ಲೇಟು ಉಬ್ಬುತ್ತದೆ. ಆರ್ಕ್ ಉದ್ದವಾದರೆ ವೋಲ್ಟೇಜ್ ಏರುತ್ತದೆ, ಗಿಡ್ಡವಾದರೆ ಇಳಿಯುತ್ತದೆ. ಈ ಸುಳಿವು ಹಿಡಿದು ಟಾರ್ಚನ್ನು ಮೇಲೆ ಕೆಳಗೆ ಮಾಡುವ ಸಾಧನವಿದೆ. ಮೂಲೆಯಲ್ಲಿ ಯಂತ್ರ ನಿಧಾನಿಸಿದಾಗ ಜ್ವಾಲೆ ಹೆಚ್ಚು ಲೋಹ ತಿನ್ನುತ್ತದೆ, ವೋಲ್ಟೇಜ್ ಏರುತ್ತದೆ. ಸಾಧನ ಇದನ್ನು ‘ಟಾರ್ಚು ಮೇಲೆ ಹೋಗಿದೆ’ ಎಂದು ತಪ್ಪರ್ಥ ಮಾಡಿಕೊಂಡು ಕೆಳಗಿಳಿಸಿ ಪ್ಲೇಟಿಗೆ ಗುದ್ದಿಸುತ್ತದೆ. ಹಾಗಾಗಿ ಮೂಲೆಗಳಲ್ಲಿ ಅದನ್ನು ತಡೆಹಿಡಿಯುವಂತೆ ಹೇಳಬೇಕು.

ಗ್ಯಾಸ್ ಟಾರ್ಚು ಹಿಡಿದು ಹತ್ತು ವರ್ಷ ಕಳೆದವನಿಗೆ ಇವುಗಳಲ್ಲಿ ಬಹುಪಾಲು ಹೊಸ ಸಂಗತಿಗಳಲ್ಲ. ಗೆರೆಯ ಆಚೆ ಹಿಡಿಯುವುದು, ಅಂಚಿನಿಂದ ದೂರ ಚುಚ್ಚುವುದು, ಮೂಲೆಯಲ್ಲಿ ಹುಷಾರಾಗುವುದು ಅವನ ಮೈಗೆ ಗೊತ್ತು. ಗೊತ್ತಿಲ್ಲದ್ದು ಅವಕ್ಕೆ ಮೆನುವಿನಲ್ಲಿರುವ ಹೆಸರುಗಳು. ಡಿಪ್ಲೊಮಾ ಮುಗಿಸಿ ಬಂದ ಹುಡುಗನಿಗೆ ಹೆಸರುಗಳು ಗೊತ್ತು, ಜ್ವಾಲೆಯ ಸದ್ದು ಗೊತ್ತಿಲ್ಲ. ಒಳ್ಳೆಯ ಶೆಡ್ಡಿನಲ್ಲಿ ಇವರಿಬ್ಬರೂ ಒಂದೇ ಪರದೆಯ ಮುಂದೆ ಕೂರುತ್ತಾರೆ.

ಗುಜರಿಯ ಲೆಕ್ಕ

ಇಷ್ಟು ಕಲಿತ ಮೇಲೆ ಒಂದು ಪ್ಲೇಟಿನಲ್ಲಿ ಎಷ್ಟು ಭಾಗ ಕೂರಿಸಬಹುದು ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ‘ನೆಸ್ಟಿಂಗ್’ ಎನ್ನುತ್ತಾರೆ. ಅಡುಗೆಮನೆಯಲ್ಲಿ ಶಂಕರಪೋಳಿ ಕತ್ತರಿಸಿದರೆ ಹಿಟ್ಟು ಮಿಗುವುದಿಲ್ಲ. ಬಟ್ಟಲು ಒತ್ತಿ ದುಂಡನೆಯ ಪೂರಿ ತೆಗೆದರೆ ನಡುನಡುವೆ ಮಿಗುತ್ತದೆ. ಹಿಟ್ಟನ್ನು ಮತ್ತೆ ನಾದಬಹುದು, ಉಕ್ಕನ್ನು ಆಗದು. 6300 ಮಿಲಿಮೀಟರ್ ಉದ್ದ, 1500 ಅಗಲ, 10 ದಪ್ಪದ ಒಂದು ಪ್ಲೇಟು ಸುಮಾರು 740 ಕಿಲೋ ತೂಗುತ್ತದೆ. ಜೋಡಣೆಯಲ್ಲಿ ನೂರಕ್ಕೆ ಹತ್ತು ಉಳಿಸಿದರೆ ಒಂದು ಪ್ಲೇಟಿಗೆ 74 ಕಿಲೋ. ಜಾಬ್ ವರ್ಕಿನವನ ಲಾಭ ನಷ್ಟ ನಿಲ್ಲುವುದು ಇಲ್ಲಿಯೇ.

ಈ ಲೆಕ್ಕದ ಚರಿತ್ರೆ ರಷ್ಯಾಕ್ಕೆ ಹೋಗುತ್ತದೆ. 1930ರ ದಶಕದ ಕೊನೆಗೆ ಲೆನಿನ್‌ಗ್ರಾಡಿನ ಪ್ಲೈವುಡ್ ಸಂಸ್ಥೆಯೊಂದು ತನ್ನ ಯಂತ್ರಗಳಿಗೆ ಕೆಲಸ ಹಂಚುವ ಸಮಸ್ಯೆಯನ್ನು ಯುವ ಗಣಿತಜ್ಞ ಲಿಯೊನಿದ್ ಕಾಂಟೊರೊವಿಚ್ ಮುಂದಿಟ್ಟಿತು. ಅದರಿಂದ ಹುಟ್ಟಿದ 1939ರ ಕಿರುಹೊತ್ತಗೆ, ಮಿತವಾದ ಸಂಪನ್ಮೂಲವನ್ನು ಅತ್ಯುತ್ತಮವಾಗಿ ಬಳಸುವ ಗಣಿತಕ್ಕೆ ತಳಪಾಯವಾಯಿತು. ಹಾಳೆ ಕತ್ತರಿಸುವ ಪ್ರಶ್ನೆಯೂ ಅದರಲ್ಲಿತ್ತು. 1975ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರ ಲೆಕ್ಕದಂತೆ ಕತ್ತರಿಸಿದ ರೈಲುಬೋಗಿ ಕಾರ್ಖಾನೆಯಲ್ಲಿ ಗುಜರಿ ಎಷ್ಟು ಕಡಿಮೆಯಾಯಿತೆಂದರೆ, ಕುಲುಮೆಗೆ ಇಷ್ಟು ಟನ್ ಗುಜರಿ ಕಳಿಸಬೇಕೆಂಬ ಯೋಜನೆಯ ಗುರಿಯೇ ತಪ್ಪಿ ಗಲಾಟೆಯಾಯಿತು ಎಂಬ ಕತೆಯೊಂದು ಬಳಕೆಯಲ್ಲಿದೆ. 1961ರಲ್ಲಿ ಐಬಿಎಂನ ಗಿಲ್ಮೋರ್ ಮತ್ತು ಗೊಮೊರಿ ಕತ್ತರಿಸುವ ಸಮಸ್ಯೆಗೆ ಕಂಪ್ಯೂಟರಿನಿಂದ ಬಿಡಿಸಬಲ್ಲ ದಾರಿ ತೋರಿದರು. ಅಡ್ಡಾದಿಡ್ಡಿ ಆಕಾರಗಳಿಗೆ ಇಂದಿಗೂ ಸಾಫ್ಟ್‌ವೇರ್ ಕೊಡುವುದು ಒಳ್ಳೆಯ ಉತ್ತರವನ್ನೇ ಹೊರತು ಅತ್ಯುತ್ತಮವೆಂಬ ಖಾತರಿಯನ್ನಲ್ಲ. ಯಂತ್ರ ಜೋಡಿಸಿದ ಮೇಲೆ ಅನುಭವಸ್ಥನೊಬ್ಬ ಮೌಸ್ ಹಿಡಿದು ಎರಡು ಬ್ರಾಕೆಟ್ ತಿರುಗಿಸಿ, ನಡುವಿನ ಖಾಲಿಯಲ್ಲಿ ನಾಲ್ಕು ವಾಷರ್ ತೂರಿಸುವುದು ಇದರಿಂದಲೇ.

ಕನ್ನಡದಲ್ಲಿ ಗುಜರಿ ಎಂದರೆ ಬೇಡವಾದ ಹಳೆಯ ಸಾಮಾನು. ಅಹಮದಾಬಾದಿನಲ್ಲಿ ಸಾಬರಮತಿ ದಡದ ಭಾನುವಾರದ ಸಂತೆಯ ಹೆಸರು ಗುಜರಿ ಬಜಾರ್. ಅಲ್ಲಿ ಬೇಡವಾದದ್ದಕ್ಕೂ ಬೆಲೆಯಿದೆ. ನರೋಡಾದ ಶೆಡ್ಡಿನ ಮೂಲೆಯಲ್ಲಿ ಒರಗಿಸಿಟ್ಟ, ತೂತುತೂತಾದ ಉಳಿಕೆ ಪ್ಲೇಟುಗಳಿಗೂ ಹಾಗೆಯೇ. ಅವುಗಳ ಅಳತೆಯನ್ನು ಸಾಫ್ಟ್‌ವೇರಿಗೆ ಕೊಟ್ಟು ಮುಂದಿನ ಚಿಕ್ಕ ಆರ್ಡರನ್ನು ಅದರಲ್ಲೇ ಹೊಂದಿಸಬಹುದು. ಬರೆದಿಡದಿದ್ದರೆ ಕಿಲೋ ಲೆಕ್ಕದಲ್ಲಿ ಹೊರಟುಹೋಗುತ್ತವೆ.

ಪರದೆಯ ಮುಂದೆ ಯಾರು

1962 ಜಿಐಡಿಸಿ ಹುಟ್ಟಿದ ವರ್ಷ. ಬೆಂಗಳೂರಿನಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಸ್ಥಾಪನೆಯಾದದ್ದೂ ಅದೇ ವರ್ಷ. ಎಚ್‌ಎಂಟಿಯೂ ಆ ಸಂಸ್ಥೆಯೂ ಇದ್ದ ಬೆಂಗಳೂರಿನಲ್ಲಿ ಯಂತ್ರದ ಕಲಿಕೆಗೆ ತರಬೇತಿ ಶಾಲೆ, ಪುಸ್ತಕ, ಪ್ರಮಾಣಪತ್ರಗಳ ಆಸರೆಯಿತ್ತು. ಶೆಡ್ಡುಗಳಲ್ಲಿ ಹಾಗಲ್ಲ. ಯಂತ್ರ ಮಾರಿದವನು ಎರಡು ಮೂರು ದಿನ ನಿಂತು ತೋರಿಸುತ್ತಾನೆ. ಆಮೇಲೆ ಫೋನು, ವಿಡಿಯೊ, ಪಕ್ಕದ ಶೆಡ್ಡಿನ ಗೆಳೆಯ.

ನೋಬಲ್ ಬರೆದ ವಿಂಗಡಣೆ ಇಂಥ ಶೆಡ್ಡಿನಲ್ಲಿ ನಿಲ್ಲುವುದಿಲ್ಲ, ಯಾಕೆಂದರೆ ಬೇರೆ ಕೋಣೆಯೇ ಇಲ್ಲ. ಪ್ಲೇಟು ಎತ್ತಿಡುವವನು, ಕಡತ ತೆರೆಯುವವನು, ಕರ್ಫ್ ತುಂಬುವವನು, ಟಾರ್ಚಿನ ತುದಿ ಬದಲಿಸುವವನು ಒಬ್ಬನೇ ಆಗಿರಬಹುದು. ಆದರೆ ಇದು ತಾನಾಗಿ ಆಗುವುದಿಲ್ಲ. ಮಾಲೀಕನ ಮಗನೋ ಹೊರಗಿನ ಪ್ರೋಗ್ರಾಮರೋ ಮನೆಯಿಂದ ಕಡತ ಕಳಿಸಿ, ಕೆಲಸಗಾರನಿಗೆ ಹಸಿರು ಬಟನ್ ಮಾತ್ರ ಬಿಟ್ಟರೆ, ಹಳೆಯ ಗೋಡೆ ಚಿಕ್ಕ ಶೆಡ್ಡಿನೊಳಗೂ ಏಳುತ್ತದೆ. ಬಟನ್ ಒತ್ತುವವನನ್ನು ನಾಳೆ ಬದಲಿಸಬಹುದು. ಕರ್ಫ್ ಯಾಕೆ ಈವತ್ತು ಅಗಲವಾಯಿತು, ಎಲೆಕ್ಟ್ರೋಡ್ ಸವೆದಿದೆಯೋ ಗಾಳಿಯಲ್ಲಿ ತೇವವಿದೆಯೋ ಎಂದು ತಿಳಿದು, ಆ ಅಂಕಿಯನ್ನು ತಾನೇ ತಿದ್ದಬಲ್ಲವನನ್ನು ಬದಲಿಸುವುದು ಕಷ್ಟ. ಗಿರಣಿಗಳು ಮುಚ್ಚಿದಾಗ ಕೈಕಸುಬಿಗೆ ಬೆಲೆ ಎಷ್ಟು ಬೇಗ ಇಳಿಯುತ್ತದೆಂದು ಕಂಡ ಊರು ಇದು.

ಹಾಗಾಗಿ ಮೊದಲ ಪಾಠವನ್ನು ಫ್ಲ್ಯಾಂಜಿನಿಂದ ಶುರು ಮಾಡದಿದ್ದರೂ ನಡೆಯುತ್ತದೆ. 100 ಮಿಲಿಮೀಟರಿನ ಒಂದು ಚೌಕ, ನಡುವೆ ಒಂದು ತೂತು, ಉಳಿಕೆ ಪ್ಲೇಟಿನ ಒಂದು ತುಂಡು ಸಾಕು. ಜಿ ಕೋಡಿನ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಹತ್ತಿಪ್ಪತ್ತು ಸಾಲು ಇರುತ್ತದೆ. ಯಾವ ಸಾಲಿನಲ್ಲಿ ಟಾರ್ಚು ಹೊತ್ತುತ್ತದೆ, ಯಾವುದರಲ್ಲಿ ಕಾಯುತ್ತದೆ, ಯಾವುದರಲ್ಲಿ ಆರುತ್ತದೆ ಎಂದು ಬೆರಳಿಟ್ಟು ಓದಬೇಕು. ಆಮೇಲೆ ಟಾರ್ಚು ಹಚ್ಚದೆ ಒಮ್ಮೆ ಓಡಿಸಿ, ಹಚ್ಚಿ ಒಮ್ಮೆ ಓಡಿಸಿ, ಬಂದ ಚೌಕವನ್ನು ವರ್ನಿಯರ್‌ನಲ್ಲಿ ಅಳೆಯಬೇಕು. ಚೌಕ 98 ಬಂದರೆ ಕರ್ಫ್ ಹೇಳುವುದು ಮರೆತಿದೆ ಎಂದರ್ಥ. ಆ ಎರಡು ಮಿಲಿಮೀಟರನ್ನು ತಾನೇ ತುಂಬಿ, ಮತ್ತೆ ಕಡಿದು, 100 ಬಂದದ್ದನ್ನು ನೋಡಿದವನು ಅಲ್ಲಿಂದಾಚೆ ಆದೇಶ ಬರೆಯುವವರ ಸಾಲಿಗೆ ಸೇರುತ್ತಾನೆ.